ಕರಗುವ ಆಸರೆ



1905ರಲ್ಲಿ ಈ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರಿ ಪತ್ತಿನ ಸಂಘದ ಮರ್ಮವೇನು? ಬೆಳೆ ಬರುವ ತನಕ ಆಸರೆ ಕೊಟ್ಟು, ಒಕ್ಕಲಿಗನನ್ನು ಅವನ ಕಾಲ ಮೇಲೆಯೇ ನಿಲ್ಲಿಸುವದು.

ಶರೀರಕ್ಕೂ ಇಂಥ ಆಸರೆ ಬೇಕಾಗುವದುಂಟು. ಬಿರುಕುಬಿಟ್ಟ ಎಲುಬು ತಾನೇ ಕೂಡುವದು. ದೊಡ್ಡ ತುಂಡೇ ಹೋದರೆ ತೆರವು ತುಂಬದು. ಮೃದ್ವಸ್ಥಿಗೆ ರಕ್ತನಾಳಗಳಿಲ್ಲದ್ದರಿಂದ ಅದು ಸವೆದರೆ ಮರಳಿ ಬೆಳೆಯುವದು ದುರ್ಲಭ. ಲೋಹದ ಪಟ್ಟಿಯು ಭಾರ ಹೊತ್ತೀತು, ಜೀವಂತ ಎಲುಬಾಗಲಾರದು.

ಆದುದರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಕ್ರಮ್‌ಜಿತ್ ಬಸು, ಕೌಶಿಕ್ ಚಟರ್ಜಿ ಮೊದಲಾದ ವಿದ್ವಾಂಸರು ಜೈವಿಕ ಹಂದರಗಳ ಸಂಶೋಧನೆಯನ್ನು ನಡೆಸಿರುವರು. ಸೂಕ್ಷ್ಮರಂಧ್ರಗಳುಳ್ಳ ಆ ಹಂದರದ ಮೇಲೆ ಜೀವಕೋಶಗಳು ಬಳ್ಳಿಯಂತೆ ಹಬ್ಬುವವು. ಹಂದರವು ಮೆಲ್ಲನೆ ಕರಗುವದು. ಬೇಗ ಕರಗಿದರೆ ಕುಸಿತ, ತಡವಾದರೆ ಬೆಳವಣಿಗೆಗೆ ಅಡ್ಡಿ. ಎಲುಬಿಗೆ ಗಟ್ಟಿಯಾದುದು, ಸ್ನಾಯುವಿಗೆ ಮೆತ್ತನೆಯದು ಬೇಕು.

ಕಾಲು ಊನವಾದ ಒಕ್ಕಲಿಗನ ಮನೆತನವೇ ಕುಂಟುವದು. ಶ್ರೀಮಠದ ಭಕ್ತರ ಮಕ್ಕಳು ಈ ವಿದ್ಯೆಯನ್ನು ಕಲಿತು ಅಂಥವರಿಗೆ ಆಸರೆಯಾಗಲಿ.