ಬರಗಾಲದಲ್ಲಿ ಮಕ್ಕಳ ಪಾಲು



ಮಳೆ ಕೈಕೊಟ್ಟ ವರ್ಷ ನಾವು ಮೊದಲು ಮಾರೋದು ದನ. ದನ ಹೋದರೆ ಮಕ್ಕಳ ಹಾಲು ಹೋಯ್ತು. ಗುಳೆ ಹೊರಟರೆ ಶಾಲೆಯೂ ಹೋಯ್ತು. ಬರ ಒಂದು ವರ್ಷದ್ದು, ತಪ್ಪಿದ ಓದು ಜನ್ಮದ್ದು.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಆ ತಾಲ್ಲೂಕುಗಳ ಶಾಲೆಗಳಲ್ಲಿ 2024ರ ಬೇಸಿಗೆ ರಜೆಯಲ್ಲೂ ಸರ್ಕಾರ ಬಿಸಿಯೂಟ ಕೊಟ್ಟಿತು. ಇದು ಭಿಕ್ಷೆಯಲ್ಲ, ಮಕ್ಕಳ ಹಕ್ಕು.

ಮಳೆ ತರಿಸೋದು ಸಂಘದ ಕೈಲಿಲ್ಲ. ಆದರೆ ಮುಂಗಾರಿನ ಆಹಾರಧಾನ್ಯ, ಎಣ್ಣೆಕಾಳಿನ ಬೆಳೆವಿಮೆಗೆ ರೈತರು ಕಟ್ಟೋದು ಹೆಚ್ಚೆಂದರೆ ವಿಮಾ ಮೊತ್ತದ ಶೇ. 2. ಅದರ ಕೊನೇ ದಿನಾಂಕವನ್ನು ಮನೆಮನೆಗೆ ತಿಳಿಸೋಣ. ಪಡಿತರ ಚೀಟಿಯಲ್ಲಿ ಮಗುವಿನ ಹೆಸರು ಬಿಟ್ಟಿದ್ದರೆ ಸೇರಿಸಲು ಜೊತೆಗೆ ಹೋಗೋಣ. ಬೆಳೆ ಒಣಗಿದರೂ ಮಗುವಿನ ತಟ್ಟೆ ಒಣಗಬಾರದು.