ಹಳೆಯ ಕಾರಿಗೆ ತಕ್ಕ ಬ್ರೇಕು
(ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ನಾನು ವಿದ್ವಾಂಸನಲ್ಲ, ಯಂತ್ರಗಳ ನಡುವೆ ಬಾಳಿದವನು. ನಾಡಹಬ್ಬದ ದಿನಗಳಲ್ಲಿ ಬ್ರೇಕಿನ ಮಾತೇಕೆಂದು ನೀವು ಕೇಳಬಹುದು. ಮುಂಬಯಿಯಲ್ಲಿ ನೆಲೆಸಿದ ನಮ್ಮವರ ಕೆಲವು ಮನೆಗಳಲ್ಲಿ ಹಿರಿಯರು ಕೊಂಡ ಫಿಯಟ್, ಪದ್ಮಿನಿ ಕಾರುಗಳು ಇನ್ನೂ ಇವೆ. ೨೦೨೩ರ ಅಕ್ಟೋಬರಿನಲ್ಲಿ ಪದ್ಮಿನಿ ಟ್ಯಾಕ್ಸಿಗಳು ಈ ನಗರದ ಬೀದಿಗಳಿಂದ ಮರೆಯಾದುವು. ಉಳಿದ ಕಾರುಗಳ ಮೇಲೆ ನಮಗೆ ಮಮತೆ ಹೆಚ್ಚಿದೆ. ಆದರೆ ಮಮತೆಯೊಂದೇ ಸಾಲದು, ಅಳತೆಯೂ ತಿಳಿದಿರಬೇಕು.

ಹಿಂದೊಮ್ಮೆ ನಮ್ಮ ತಂದೆಯವರ ಫಿಯಟ್ಟಿನ ಮಾಸ್ಟರ್ ಸಿಲಿಂಡರ್ ಸೋರತೊಡಗಿತು. ಅಂಗಡಿಯವರೊಬ್ಬರು, "ಇದು ದೊಡ್ಡದು, ಚೆನ್ನಾಗಿ ಹಿಡಿಯುತ್ತದೆ" ಎಂದು ಬೇರೊಂದನ್ನು ಕೊಟ್ಟರು. ನಾನೇ ಕೂಡಿಸಿದೆ. ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು. ನಮಗೆ ಸಂತೋಷವೂ ಆಯಿತು. ಧಾರವಾಡದಿಂದ ಮರಳುವಾಗ ಖಂಡಾಳಾ ಘಾಟಿನ ಇಳಿಜಾರಿನಲ್ಲಿ ಮುಂದಿದ್ದ ಲಾರಿ ಥಟ್ಟನೆ ನಿಂತಿತು. ಬಲವೆಲ್ಲ ಕೂಡಿಸಿ ತುಳಿದೆ. ಲಾರಿಗೆ ಗೇಣು ದೂರದಲ್ಲಿ ನಮ್ಮ ಗಾಡಿ ನಿಂತಿತು. ಹಿಂದೆ ಕುಳಿತಿದ್ದ ತಾಯಿ ಒಂದು ಮಾತೂ ಆಡಲಿಲ್ಲ. ಆ ಮೌನ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ತಪ್ಪು ಎಲ್ಲಿತ್ತು? ಮುಚ್ಚಿದ ದ್ರವದ ಮೇಲೆ ಹೇರಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು ಪಾಸ್ಕಲ್ ತೋರಿಸಿಕೊಟ್ಟನು. ಕಾಲಿನ ಬಲ ಅಷ್ಟೇ ಇದ್ದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಅಗಲವಾದಷ್ಟೂ ಒತ್ತಡ ಕಡಿಮೆ. ಒಳವ್ಯಾಸ ಮುಕ್ಕಾಲು ಅಂಗುಲವಿದ್ದುದು ಅಂಗುಲದ ಎಂಟರಲ್ಲಿ ಏಳು ಪಾಲಾಯಿತೆನ್ನಿ. ನೋಡುವುದಕ್ಕೆ ಅಲ್ಪ, ಆದರೆ ಮುಖದ ವಿಸ್ತೀರ್ಣ ೩೬ರಿಂದ ೪೯ರ ಪ್ರಮಾಣಕ್ಕೆ ಏರುತ್ತದೆ. ಮೊದಲಿನಷ್ಟೇ ಹಿಡಿತ ಬೇಕಾದರೆ ಕಾಲಿನ ಬಲ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚಬೇಕು. ಗಟ್ಟಿ ಪೆಡಲನ್ನು ಗಟ್ಟಿ ಬ್ರೇಕೆಂದು ನಾವು ಭ್ರಮಿಸಿದ್ದೆವು. ಹಾಗೆಂದು ತೀರ ಚಿಕ್ಕದೂ ಸಲ್ಲದು. ಸಾಕಷ್ಟು ಆಯಿಲ್ ಮುಂದಕ್ಕೆ ಹೋಗುವ ಮೊದಲೇ ಪೆಡಲ್ ನೆಲ ಮುಟ್ಟುತ್ತದೆ.

ಆದುದರಿಂದ ಹಳೆಯ ಸಿಲಿಂಡರಿನ ಮೇಲಿನ ಗುರುತನ್ನೋ ಕಾರಿನ ಕೈಪಿಡಿಯನ್ನೋ ನೋಡಿ, ಅದೇ ಒಳವ್ಯಾಸದ್ದನ್ನು ಕೊಳ್ಳಿರಿ. ಡ್ರಮ್ ಬ್ರೇಕಿನ ಹಲವು ಹಳೆಯ ಕಾರುಗಳಲ್ಲಿ ಕೊಳವೆಯೊಳಗೆ ತುಸು ಒತ್ತಡ ಉಳಿಸುವ ಕವಾಟವಿರುತ್ತದೆ. ಮುಂದೆ ಡಿಸ್ಕ್ ಹಾಕಿಸಿದರೆ ಅದೇ ಕವಾಟ ಬ್ರೇಕನ್ನು ಹಿಡಿದೇ ಇಡಬಹುದು. ಪೆಡಲಿನ ಕಡ್ಡಿಗೂ ಪಿಸ್ಟನ್ನಿಗೂ ನಡುವೆ ಕೈಪಿಡಿ ಹೇಳುವಷ್ಟು ಸಡಿಲವಿರಲಿ. ವರ್ಷಗಟ್ಟಲೆ ಅಂಗಡಿಯಲ್ಲಿ ಬಿದ್ದ ಸಿಲಿಂಡರಿನ ರಬ್ಬರು ಬಿರುಸಾಗಿರುತ್ತದೆ. ಹೊಸ ರಬ್ಬರು ಹಾಕಿಸಿರಿ. ಇಂಜಿನ್ನಿನ ಎಣ್ಣೆಯನ್ನಂತೂ ತೊಟ್ಟೂ ಸೇರಿಸಬೇಡಿರಿ, ರಬ್ಬರು ಊದಿಕೊಳ್ಳುತ್ತದೆ.

ಇನ್ನೊಂದು ಮಾತು. ಹಳೆಯ ಕಾರುಗಳಲ್ಲಿ ನಾಲ್ಕು ಚಕ್ರಕ್ಕೂ ಸಾಮಾನ್ಯವಾಗಿ ಒಂದೇ ಸಿಲಿಂಡರ್, ಒಂದೇ ಮಾರ್ಗ. ಎಲ್ಲಿ ಒಡೆದರೂ ನಾಲ್ಕೂ ಹೋದುವು. ಅಮೆರಿಕದಲ್ಲಿ ೧೯೬೮ರಿಂದ ಹೊಸ ಕಾರುಗಳಿಗೆ ಇಬ್ಬಗೆಯ ಮಾರ್ಗವನ್ನು ಕಡ್ಡಾಯ ಮಾಡಿದರು. ಜೋಡಿ ಸಿಲಿಂಡರ್ ಹಾಕಿಸುವುದು ಒಳ್ಳೆಯದೇ. ಆದರೆ ಮುಂದಿನ ಕೊಳವೆ, ಹಿಂದಿನ ಕೊಳವೆ ಬೇರೆಬೇರೆಯಾಗಿಯೇ ಇರಬೇಕು. ಎರಡನ್ನೂ ಮತ್ತೆ ಒಂದಕ್ಕೆ ಜೋಡಿಸಿದರೆ ಹಣ ದಂಡ.

ನಾನು ಹಳೆಯ ಅಳತೆಯದನ್ನೇ ಹುಡುಕಿ ಕೂಡಿಸಿದೆ. ಬಯಲಿನಲ್ಲಿ ಹತ್ತು ಸಲ ನಿಲ್ಲಿಸಿ ನೋಡಿದ ಮೇಲೆಯೇ ತಾಯಿಯನ್ನು ಕೂರಿಸಿಕೊಂಡೆ. ದೀಪಾವಳಿಗೆ ಊರಿಗೆ ಹೊರಡುವ ಬಂಧುಗಳೆ, ನೀವೂ ಹಾಗೆಯೇ ಮಾಡಿರಿ.