ಮಾದರಿ ಹಡಗಿನ ಕಿರುಕೆಲಸಗಳು

(ಶಾಲೆಯ ಶತಮಾನೋತ್ಸವದ ಕರಕುಶಲ ವಸ್ತುಪ್ರದರ್ಶನದಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣದ ಬರಹರೂಪ)



ಈ ಮೇಜಿನ ಮೇಲಿರುವ ಹಡಗಿನ ಮಾದರಿಯನ್ನು ನಾವು ಶಾಲೆಗೆ ಕಾಣಿಕೆಯಾಗಿ ತಂದಿದ್ದೇವೆ. ಇದು 1797ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ನೀರಿಗಿಳಿದ 'ಕಾನ್‌ಸ್ಟಿಟ್ಯೂಷನ್' ಎಂಬ ಯುದ್ಧನೌಕೆಯ ಪ್ರತಿರೂಪ. ಮೂಲದ 96 ಅಡಿ ಇಲ್ಲಿ ಒಂದೇ ಅಡಿಯಾಗಿದೆ. ಬಿಡಿಭಾಗಗಳ ಪೆಟ್ಟಿಗೆಯನ್ನು ಕೊಂಡು ತಂದು ಜೋಡಿಸಿದ್ದೇವೆ. ಒಡಲು ಮುಗಿದಿದೆ, ಕೂವೆಮರಗಳು ನಿಂತಿವೆ. ಹಗ್ಗಗಳ ಕೆಲಸ ಮಾತ್ರ ಬಾಕಿ ಇದೆ. ಅದನ್ನು ಬೇಕೆಂದೇ ಬಿಟ್ಟಿದ್ದೇವೆ. ಕಾರಣವನ್ನು ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ತುಂಗಭದ್ರೆಯ ಹರಿಗೋಲನ್ನು ಬಲ್ಲ ಈ ನಾಡಿನ ಮಕ್ಕಳಿಗೆ ಪರದೇಶದ ಹಡಗೇಕೆ ಎಂದು ಹಿರಿಯರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಇಮ್ಮಡಿ ಪುಲಕೇಶಿಯು ನೂರಾರು ಹಡಗುಗಳೊಡನೆ ಪುರಿ ಎಂಬ ಕಡಲತೀರದ ಪಟ್ಟಣವನ್ನು ಮುತ್ತಿದನೆಂದು 634ರ ಐಹೊಳೆಯ ಶಾಸನ ಸಾರುತ್ತದೆ. ಆ ಹಡಗುಗಳಲ್ಲೊಂದರ ಮಾದರಿಯನ್ನು ಕಟ್ಟುವ ಆಸೆ ನಮಗೂ ಇತ್ತು. ಆದರೆ ಅವುಗಳ ಉದ್ದವೆಷ್ಟು, ಕೂವೆಮರಗಳೆಷ್ಟು, ಹಲಗೆಗೆ ಹಲಗೆಯನ್ನು ಹೇಗೆ ಬೆಸೆದಿದ್ದರು ಎಂಬುದನ್ನು ಶಾಸನ ಹೇಳುವುದಿಲ್ಲ. ಗೆಲುವಿನ ಸುದ್ದಿ ಕಲ್ಲಿನಲ್ಲಿ ಉಳಿಯಿತು; ಹಡಗಿನ ವಿವರ ಉಳಿಯಲಿಲ್ಲ. ವಿವರವಿಲ್ಲದ ವಸ್ತುವನ್ನು ಮರಳಿ ಕಟ್ಟಲು ಬಾರದು.

ಕಿರುವಿವರವೆಂದರೆ ಅಲಂಕಾರವೆಂದು ಹಲವರ ಎಣಿಕೆ. ಈ ಹಡಗಿನ ಮುಂದೆ ಕುಳಿತವರಿಗೆ ಆ ಎಣಿಕೆ ಬೇಗನೆ ಕರಗುತ್ತದೆ. ಕೂವೆಮರವನ್ನು ಬಿಗಿಹಿಡಿಯುವ ಹಗ್ಗಗಳಿಗೆ ಅಡ್ಡಲಾಗಿ ಕಟ್ಟಿದ ಸಣ್ಣ ಹಗ್ಗಗಳನ್ನು ನೋಡಿರಿ. ಅವು ನಾವಿಕರು ಮೇಲೇರುವ ಏಣಿಯ ಮೆಟ್ಟಿಲುಗಳು. ನಿಜದ ಹಡಗಿನಲ್ಲಿ ಒಂದು ಮೆಟ್ಟಿಲಿಗೂ ಮತ್ತೊಂದಕ್ಕೂ ಸುಮಾರು 38 ಸೆಂಟಿಮೀಟರ್ ಅಂತರ. ಈ ಮಾದರಿಯಲ್ಲಿ ಅದು 4 ಮಿಲಿಮೀಟರ್ ಆಗುತ್ತದೆ. ಬೇಗ ಮುಗಿಯಲೆಂದು 8 ಮಿಲಿಮೀಟರಿಗೆ ಒಂದರಂತೆ ಕಟ್ಟಿದರೆ, ಆ ಪುಟ್ಟ ಲೋಕದ ನಾವಿಕನು ಪ್ರತಿ ಹೆಜ್ಜೆಗೂ ಮುಕ್ಕಾಲು ಮೀಟರಿಗಿಂತ ಹೆಚ್ಚು ಎತ್ತರಕ್ಕೆ ಕಾಲೆತ್ತಬೇಕಾಗುತ್ತದೆ! ಭಾಗಾಕಾರದ ಲೆಕ್ಕ ಇಲ್ಲಿ ಒಬ್ಬ ಮನುಷ್ಯನ ಮೊಣಕಾಲಿಗೆ ಬಂದು ತಟ್ಟುತ್ತದೆ.

ಆ ಹಗ್ಗಗಳ ಬುಡದಲ್ಲಿ ಮೂರು ರಂಧ್ರಗಳ ಮರದ ಬಿಲ್ಲೆಗಳಿವೆ. ಎರಡೆರಡು ಬಿಲ್ಲೆಗಳ ನಡುವೆ ತೆಳುಹಗ್ಗವನ್ನು ಪೋಣಿಸಿ ಎಳೆದರೆ, ಸಡಿಲಗೊಂಡ ದೊಡ್ಡ ಹಗ್ಗ ಮತ್ತೆ ಬಿಗಿಯಾಗುತ್ತದೆ. ಈ ಉಪಯೋಗ ತಿಳಿದ ಮಗು ರಂಧ್ರಗಳನ್ನು ತಲೆಕೆಳಗು ಮಾಡದು. ಕೂವೆಮರವನ್ನು ಹಿಡಿದಿರುವ ಹಗ್ಗಗಳಿಗೆ ಡಾಂಬರು ಬಳಿಯುತ್ತಿದ್ದುದರಿಂದ ಅವು ಕಪ್ಪು. ಹಾಯಿಯನ್ನು ಎಳೆಯುವ, ಇಳಿಸುವ ಹಗ್ಗಗಳು ತಿಳಿಬಣ್ಣದವು. ಹಾಯಿಯು ಯಾವ ಕಡೆಗೆ ಉಬ್ಬಿದೆಯೋ ಬಾವುಟವೂ ಆ ಗಾಳಿಯನ್ನೇ ಅನುಸರಿಸಿ ಹಾರಬೇಕು. ಓಡುವ ಬಸ್ಸಿನ ಬಾವುಟದಂತೆ ಅದನ್ನು ಹಿಂದಕ್ಕೆ ಹಾರಿಸಿದ ಮಾದರಿಗಳು ಎಷ್ಟೋ ಇವೆ.

ಕೈಕೆಲಸದ ಕ್ರಮವನ್ನೂ ಹೇಳಬೇಕು. ಬಿಡಿಭಾಗವನ್ನು ಚೌಕಟ್ಟಿನಿಂದ ತಿರುಚಿ ಮುರಿಯದೆ ಕತ್ತರಿಸಿ ತೆಗೆಯಬೇಕು. ಅಚ್ಚಿನ ಗೆರೆಯನ್ನು ಉಜ್ಜುಕಾಗದದಿಂದ ಅಳಿಸಬೇಕು. ಅಂಟು ಹಚ್ಚುವ ಮೊದಲು ಒಮ್ಮೆ ಒಣಜೋಡಣೆ ಮಾಡಿ ನೋಡಬೇಕು. ದಾರಕ್ಕೆ ಜೇನುಮೇಣ ಸವರಿದರೆ ಅದರ ಎಳೆಗೂದಲು ಅಡಗುತ್ತದೆ. ಇಲ್ಲವಾದರೆ 96 ಪಟ್ಟು ಹಿಗ್ಗಿಸಿ ನೋಡುವ ಕಣ್ಣಿಗೆ ಅದು ಕಂಬಳಿಯ ಹಗ್ಗದಂತೆ ಕಾಣುತ್ತದೆ. ಮಿರುಗುವ ಬಣ್ಣ ಆಟಿಕೆಗೆ ಚೆಂದ, ಹಡಗಿಗೆ ಸಲ್ಲದು. ಇವೆಲ್ಲಕ್ಕಿಂತ ಮಿಗಿಲಾದ ಉಪಕರಣವೆಂದರೆ ಒಣಗುವವರೆಗೆ ಕಾಯುವ ತಾಳ್ಮೆ.

ಈ ಹಡಗಿಗೂ ನಮ್ಮ ದೇಶಕ್ಕೂ ಒಂದು ನಂಟಿದೆ. 1812ರ ಡಿಸೆಂಬರ್ 29ರಂದು ಬ್ರೆಜಿಲಿನ ಕರಾವಳಿಯಾಚೆ ಇದು 'ಜಾವಾ' ಎಂಬ ಬ್ರಿಟಿಷ್ ನೌಕೆಯನ್ನು ಸೋಲಿಸಿತು. ಮುಂಬಯಿಯಲ್ಲಿ ಕಟ್ಟಬೇಕಾಗಿದ್ದ 'ಟ್ರಿಂಕೊಮಲಿ' ಎಂಬ ಹಡಗಿನ ನಕ್ಷೆಗಳು ಆ ಜಾವಾದಲ್ಲಿದ್ದವು; ಹಡಗಿನೊಡನೆ ನಕ್ಷೆಗಳೂ ನಾಶವಾದವು. ಮತ್ತೊಂದು ಪ್ರತಿಯನ್ನು ಇಂಗ್ಲೆಂಡಿನಿಂದ ಕಳುಹಿಸಬೇಕಾಯಿತು. ಆ ಬಳಿಕ ಜಮ್ಷೆಡ್ಜಿ ಬೊಮನ್‌ಜಿ ವಾಡಿಯಾ ಅವರ ಮೇಲ್ವಿಚಾರಣೆಯಲ್ಲಿ ಮಲಬಾರಿನ ತೇಗದಿಂದ ಆ ಹಡಗು ಸಿದ್ಧವಾಗಿ 1817ರಲ್ಲಿ ನೀರಿಗಿಳಿಯಿತು. ಅದು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ತೇಲುತ್ತಿದೆ. ವಿವರಗಳ ಇನ್ನೊಂದು ಪ್ರತಿ ಉಳಿದಿದ್ದರಿಂದಲೇ ಅದು ಸಾಧ್ಯವಾಯಿತು.

ಅಷ್ಟು ದೂರ ಹೋಗಬೇಕಾದುದೂ ಇಲ್ಲ. ನಮ್ಮ ನೆರೆಯ ಆಲಂಪುರದಲ್ಲಿರುವ ಸಂಗಮೇಶ್ವರ ದೇವಾಲಯ ಮೊದಲು ಕೃಷ್ಣಾ-ತುಂಗಭದ್ರೆಯರು ಕೂಡುವ ಕೂಡವೆಲ್ಲಿಯಲ್ಲಿತ್ತು. ಶ್ರೀಶೈಲ ಜಲಾಶಯದ ನೀರಿನಲ್ಲಿ ಮುಳುಗುವ ಕಾಲ ಬಂದಾಗ, ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಆಲಂಪುರದಲ್ಲಿ ಮತ್ತೆ ನಿಲ್ಲಿಸಿದರು. ಚಾಲುಕ್ಯರ ಕಾಲದ ಆ ಗುಡಿಯನ್ನು ಇಂದು ನೋಡುವವರಿಗೆ ಅದು ಸ್ಥಳ ಬದಲಿಸಿದುದು ತಟ್ಟನೆ ತಿಳಿಯುವುದಿಲ್ಲ. ಯಾವ ಕಲ್ಲು ಯಾವ ಕಲ್ಲಿನ ಮಗ್ಗುಲಲ್ಲಿತ್ತು ಎಂಬ ಅರಿವು ಇಲ್ಲದಿದ್ದರೆ, ತಂದದ್ದು ದೇವಾಲಯವಾಗದೆ ಕಲ್ಲಿನ ರಾಶಿಯಾಗುತ್ತಿತ್ತು.

ಮಹನೀಯರೇ, ಗಡಿನಾಡಿನಲ್ಲಿ ಕನ್ನಡ ಶಾಲೆಯೊಂದು ನೂರು ವರ್ಷ ಬಾಳಿದ್ದು ಹಿರಿಯ ಮಾತು. ಆ ಮಾತು ಈ ಸಂಚಿಕೆಯಲ್ಲಿ ಹಲವು ಬಾರಿ ಬರುವುದು ಸಹಜ. ಆದರೆ ಪುಲಕೇಶಿಯ ಹಡಗುಗಳಂತೆ ನಮ್ಮ ಶಾಲೆಯೂ ಬರಿಯ ಗೆಲುವಿನ ಸುದ್ದಿಯಾಗಿ ಉಳಿಯಬಾರದು. ಮನೆಗಳ ಅಟ್ಟದಲ್ಲಿರುವ ಹಳೆಯ ನೋಟುಬುಕ್ಕು, ಪ್ರಗತಿಪತ್ರ, ತರಗತಿಯ ಭಾವಚಿತ್ರ ಇವುಗಳನ್ನು ಶಾಲೆಗೆ ತಂದುಕೊಡಿರಿ. ಭಾವಚಿತ್ರದ ಹಿಂದೆ ಹೆಸರುಗಳನ್ನೂ ವರ್ಷವನ್ನೂ ಬರೆಯಿರಿ. ಮನೆಯಲ್ಲಿ ಕನ್ನಡವಾಡಿ ಬೀದಿಯಲ್ಲಿ ತೆಲುಗು ಆಡುವ ಮಗು ಒತ್ತಕ್ಷರವನ್ನು ತಪ್ಪಿದಾಗ, ಅರ್ಥವಾಯಿತಲ್ಲ ಎಂದು ಬಿಟ್ಟುಬಿಡಬೇಡಿರಿ. ಭಾಷೆಯೂ ಅಂಥ ಸಣ್ಣ ಗಂಟುಗಳಿಂದಲೇ ಬಿಗಿಯಾಗಿ ನಿಂತಿದೆ.

ಇನ್ನು ಹಗ್ಗಗಳ ಮಾತು. ಈ ಹಡಗಿಗೆ ಇನ್ನೂ ನೂರಾರು ಗಂಟುಗಳು ಬೇಕು. ವಾರಕ್ಕೊಂದು ಕರಕುಶಲ ಅವಧಿ ಉಳಿದರೆ ಒಂಬತ್ತನೆಯ ತರಗತಿಯ ಮಕ್ಕಳು ಅವನ್ನು ಹಾಕಿ ಮುಗಿಸಬಲ್ಲರು. ಪರೀಕ್ಷೆಯ ಹೆಸರಿನಲ್ಲಿ ಆ ಅವಧಿ ಕೈತಪ್ಪಿದರೆ ಈ ಕೂವೆಮರಗಳು ಬರಿದಾಗಿಯೇ ನಿಲ್ಲುತ್ತವೆ. ದಾರ, ಸೂಜಿ, ಚಿಮಟ, ಜೇನುಮೇಣ ಎಲ್ಲವನ್ನೂ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ಗಂಟು ಹಾಕುವ ಬಗೆಯನ್ನು ತೋರಿಸಲು ನಮ್ಮಲ್ಲಿ ಒಬ್ಬರು ಪ್ರತಿ ಶನಿವಾರ ಬರುತ್ತೇವೆ. ಉಳಿದುದನ್ನು ಗುರುಗಳಿಗೂ ಪೋಷಕರಿಗೂ ಒಪ್ಪಿಸಿದ್ದೇವೆ.